ಸಸಿ ಮೈಲಿ

ಆತ್ಮೀಯರೇ,

ಕಳೆದ ತಿಂಗಳು ಮಗಳನ್ನು ಕಾಲೇಜಿಗೆ ಬಿಡಲು ಇಲ್ಲೇ ಅಮೆರಿಕದ ಇಲಿನಾಯ್ ರಾಜ್ಯದ ಡಿಕ್ಯಾಲ್ಬ್‌ಗೆ ಹೋಗಿದ್ದೆವು. ಅರೋರಾದಲ್ಲಿ ಬಾಲಾಜಿ ದರ್ಶನ ಮುಗಿಸಿ, ಟೋಲ್ ರಸ್ತೆ ಬಿಟ್ಟು ಹಳೇ 38ನೇ ನಂಬರ್ ರಸ್ತೆ ಹಿಡಿದೆವು. ಎರಡೂ ಕಡೆ ಗೋವಿನಜೋಳದ ಹೊಲ. ಅಲ್ಲಲ್ಲಿ 'ಲಿಂಕನ್ ಹೈವೇ' ಎಂಬ ಫಲಕ. "ಅಪ್ಪಾ, ಲಿಂಕನ್ ಕಾಲದಲ್ಲೇ ಹೈವೇ ಇತ್ತಾ?" ಅಂತ ಮಗಳು ಕೇಳಿದಳು. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ಸಿಕ್ಕ ಕಥೆಯನ್ನು ನಿಮ್ಮ ಜೊತೆ ಹಂಚಿಕೊಳ್ಳಬೇಕು ಅನ್ನಿಸಿತು.

1912ರ ಸೆಪ್ಟೆಂಬರ್‌ನಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಒಂದು ಔತಣ ನಡೆಯಿತು. ಕರೆದವರು ಕಾರ್ಲ್ ಫಿಶರ್. ಕಾರಿನ ದೀಪ ಮಾರಿ ದುಡ್ಡು ಮಾಡಿದವರು, ಅಲ್ಲಿನ ಪ್ರಸಿದ್ಧ ರೇಸ್ ಟ್ರ್ಯಾಕ್ ಕಟ್ಟಿದವರಲ್ಲಿ ಒಬ್ಬರು. ಬಂದವರು ಕಾರು ಉದ್ಯಮದ ಮಂದಿ. ನ್ಯೂಯಾರ್ಕ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಜಲ್ಲಿ ಹಾಕಿದ ಒಂದು ರಸ್ತೆ ಬೇಕು, 1915ರ ಮೇ 1ಕ್ಕೆ ಮುಗಿಯಬೇಕು ಅಂದರು ಫಿಶರ್. ಖರ್ಚು 1 ಕೋಟಿ ಡಾಲರ್. ಸಾಮಗ್ರಿಯ ದುಡ್ಡು ನಮ್ಮದು, ಯಂತ್ರ ಮತ್ತು ಆಳು ದಾರಿಯಲ್ಲಿ ಸಿಗುವ ಊರುಗಳದ್ದು ಎಂಬುದು ಅವರ ಲೆಕ್ಕ. ಸಾಮಾನ್ಯ ಜನರಿಗೆ 5 ಡಾಲರ್ ಸದಸ್ಯತ್ವ.

ಆಗಿನ ರಸ್ತೆ ಹೇಗಿತ್ತು ಅಂದರೆ, ಊರು ದಾಟಿದರೆ ಬರೀ ಮಣ್ಣು. ಅಯೋವಾದ ಕಪ್ಪು ಮಣ್ಣು ಮಳೆ ಬಿದ್ದರೆ ಗಾಲಿಗೆ ಅಂಟಿಕೊಂಡು ಬಿಡುತ್ತಲೇ ಇರಲಿಲ್ಲ. ಗದಗಿನ ಕಡೆ ಎರೆಹೊಲದಲ್ಲಿ ಮಳೆಗಾಲದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ.

ಒಂದೇ ತಿಂಗಳಲ್ಲಿ 10 ಲಕ್ಷ ಡಾಲರ್ ಕೊಡುತ್ತೇವೆ ಅಂತ ಮಾತು ಬಂತು. ಗುಡ್‌ಇಯರ್ ಟೈರ್ ಕಂಪನಿಯ ಫ್ರ್ಯಾಂಕ್ ಸೈಬರ್ಲಿಂಗ್ ತಮ್ಮ ನಿರ್ದೇಶಕರನ್ನೂ ಕೇಳದೆ 3 ಲಕ್ಷ ಡಾಲರ್ ಒಪ್ಪಿಕೊಂಡರು! ಆದರೆ ಎಲ್ಲರಿಗಿಂತ ಹೆಚ್ಚು ಕಾರು ಮಾಡುತ್ತಿದ್ದ ಹೆನ್ರಿ ಫೋರ್ಡ್ ಮಾತ್ರ ಒಪ್ಪಲಿಲ್ಲ. ಉದ್ಯಮಿಗಳು ಪುಕ್ಕಟೆ ರಸ್ತೆ ಮಾಡಿಕೊಟ್ಟರೆ, ಜನ ತಮ್ಮ ರಸ್ತೆಗೆ ತಾವೇ ದುಡ್ಡು ಹಾಕುವುದನ್ನು ಯಾವತ್ತೂ ಕಲಿಯುವುದಿಲ್ಲ ಎಂಬುದು ಅವರ ವಾದ. ಮೊದಲು ಓದಿದಾಗ ನನಗೆ ಸಿಟ್ಟೇ ಬಂತು. ಈಗ ಅದರಲ್ಲಿ ಅರ್ಧ ಸತ್ಯವಾದರೂ ಇದೆ ಅನ್ನಿಸುತ್ತದೆ.

1913ರ ಜುಲೈ 1ರಂದು ಡೆಟ್ರಾಯಿಟ್‌ನಲ್ಲಿ ಲಿಂಕನ್ ಹೈವೇ ಅಸೋಸಿಯೇಷನ್ ಹುಟ್ಟಿತು. ಪ್ಯಾಕರ್ಡ್ ಕಾರು ಕಂಪನಿಯ ಹೆನ್ರಿ ಜಾಯ್ ಅಧ್ಯಕ್ಷರು. ಲಿಂಕನ್‌ಗೆ ಅಮೃತಶಿಲೆಯ ಸ್ಮಾರಕಕ್ಕಿಂತ ಜನ ಓಡಾಡುವ ರಸ್ತೆಯೇ ಒಳ್ಳೆಯ ನೆನಪು ಎಂದವರು ಅವರೇ. ಅದೇ ಅಕ್ಟೋಬರ್ 31ಕ್ಕೆ ದಾರಿಯುದ್ದಕ್ಕೂ ಊರೂರಲ್ಲಿ ಸಂಭ್ರಮಕ್ಕೆ ಸೌದೆ ಒಟ್ಟಿ ಬೆಂಕಿ ಉರಿಸಿ, ಮೆರವಣಿಗೆ ಮಾಡಿ ರಸ್ತೆಯನ್ನು ಲಿಂಕನ್ ಹೆಸರಿಗೆ ಅರ್ಪಿಸಿದರು. ನಮ್ಮ ರಾಜ್ಯೋತ್ಸವದ ಹಿಂದಿನ ದಿನ, ನೋಡಿ! 3,389 ಮೈಲಿ ಉದ್ದ. ಆದರೆ ಅದರಲ್ಲಿ ಬಹುಪಾಲು ನಕ್ಷೆಯ ಮೇಲಿನ ಗೆರೆ ಮಾತ್ರ, ಇದ್ದ ಮಣ್ಣಿನ ದಾರಿಗಳಿಗೇ ಹೊಸ ಹೆಸರು. ದಾರಿಯಲ್ಲಿ ಜಾಗ ಸಿಗದ ಕ್ಯಾನ್ಸಸ್ ರಾಜ್ಯದವರ ಬೇಸರ ಬೇರೆ.

ಆ 1 ಕೋಟಿ ಕೊನೆಗೂ ಕೂಡಲಿಲ್ಲ. ಇಲ್ಲಿಂದ ಮುಂದೆ ಅವರು ಮಾಡಿದ ಕೆಲಸ ನನಗೆ ತುಂಬಾ ಇಷ್ಟ. ಪೂರ್ತಿ ರಸ್ತೆ ತಾವೇ ಕಟ್ಟುವ ಆಸೆ ಬಿಟ್ಟು, ಸಿಮೆಂಟ್ ಕಂಪನಿಗಳಿಂದ ಸಿಮೆಂಟ್ ದಾನ ಪಡೆದರು. 1914ರಲ್ಲಿ ಡಿಕ್ಯಾಲ್ಬ್‌ನ ಪಶ್ಚಿಮಕ್ಕಿರುವ ಮಾಲ್ಟಾ ಊರಿನ ಹತ್ತಿರ ಒಂದೇ ಒಂದು ಮೈಲಿ ಕಾಂಕ್ರೀಟ್ ಹಾಕಿದರು. ಅದನ್ನು ಕರೆದದ್ದು ಸೀಡ್ಲಿಂಗ್ ಮೈಲ್, ಅಂದರೆ ಸಸಿ ಮೈಲಿ. ಇಂಥ ಮೈಲಿಗಳನ್ನು ಬೇಕಂತಲೇ ಊರಿಂದ ದೂರ, ಕೆಸರಿನ ದಾರಿಯ ನಡುವೆ ಇಟ್ಟರು. ಕುಲುಕಾಡುತ್ತಾ ಬಂದ ಗಾಡಿ ಒಂದು ಮೈಲಿ ಹಾಯಾಗಿ ಓಡುತ್ತದೆ, ಆಮೇಲೆ ಮತ್ತೆ ಕೆಸರಿಗೆ ಇಳಿಯುತ್ತದೆ. ಆ ಇಳಿಯುವ ಕ್ಷಣದಲ್ಲೇ ಜನರಿಗೆ ಇನ್ನಷ್ಟು ಬೇಕು ಅನ್ನಿಸುತ್ತದೆ, ಅಲ್ವಾ? ನೆಬ್ರಾಸ್ಕಾ, ಇಂಡಿಯಾನಾ, ಅಯೋವಾದಲ್ಲೂ ಇಂಥ ಮೈಲಿಗಳು ಬಂದವು. 1916ರಲ್ಲಿ ಇಲ್ಲಿನ ಕೇಂದ್ರ ಸರ್ಕಾರ ರಸ್ತೆಗಳಿಗೆಂದು ಐದು ವರ್ಷಕ್ಕೆ 7.5 ಕೋಟಿ ಡಾಲರ್ ಇಟ್ಟಿತು. ಅಷ್ಟೇ ಪಾಲು ರಾಜ್ಯಗಳೂ ಹಾಕಬೇಕು ಎಂಬ ಷರತ್ತಿನ ಮೇಲೆ.

ನಮ್ಮ ಕನ್ನಡ ಕೂಟದಲ್ಲೂ ಕನ್ನಡ ಭವನ ಕಟ್ಟುವ ಮಾತು ವರ್ಷಗಳಿಂದ ನಡೆದಿದೆ. ಸಭೆಯಲ್ಲಿ ಕೈ ಎತ್ತಿದವರು ಬಹಳ, ಚೆಕ್ ಬರೆದವರು ಕಡಿಮೆ. ಯಾರನ್ನೂ ದೂರುತ್ತಿಲ್ಲ. ಕಾಣದ ಕಟ್ಟಡಕ್ಕೆ ದುಡ್ಡು ಕೊಡುವುದು ಕಷ್ಟವೇ. ಪೂರ್ತಿ ಹಣ ಕೂಡಲಿ ಅಂತ ಕಾಯುವ ಬದಲು ಒಂದು ಕೋಣೆ ಬಾಡಿಗೆಗೆ ಹಿಡಿಯೋಣ. ಭಾನುವಾರದ ಕನ್ನಡ ಶಾಲೆಗೆ ಸ್ಥಿರವಾದ ಜಾಗ, ಗೋಡೆಗೊಂದು ಕಪ್ಪು ಹಲಗೆ, ಒಂದು ಕಪಾಟು ಪುಸ್ತಕ. ಮಕ್ಕಳು ಅಲ್ಲಿ ಕೂತು ಓದುವುದನ್ನು ಅಪ್ಪ ಅಮ್ಮಂದಿರು ಕಣ್ಣಾರೆ ನೋಡಲಿ. ಮುಂದಿನ ಸಮಿತಿ ಸಭೆಯಲ್ಲಿ ಇದನ್ನು ಪ್ರಸ್ತಾಪಿಸುತ್ತೇನೆ. ದಯವಿಟ್ಟು ಬನ್ನಿ.

ಅಂದು ಡಿಕ್ಯಾಲ್ಬ್‌ನಲ್ಲಿ ಪೆಟ್ರೋಲ್ ಹಾಕಿಸುವಾಗ ಮಗಳಿಗೆ ಒಂದು ವಿಷಯ ಹೇಳಿದೆ. ಪ್ರತಿ ಗ್ಯಾಲನ್‌ಗೆ 18.4 ಸೆಂಟ್ ಕೇಂದ್ರದ ತೆರಿಗೆ ಇದೆ, ಅದರಲ್ಲಿ ಹೆಚ್ಚಿನ ಪಾಲು ಹೆದ್ದಾರಿ ನಿಧಿಗೆ ಹೋಗುತ್ತದೆ ಅಂತ. ಅವಳು ಫೋನ್ ತೆಗೆದು ಲೆಕ್ಕ ಹಾಕಿದಳು. 12 ಗ್ಯಾಲನ್‌ಗೆ 2 ಡಾಲರ್ 21 ಸೆಂಟ್.

"ಹಾಗಾದ್ರೆ ರಸ್ತೆಗೆ ನಾವೂ ದುಡ್ಡು ಹಾಕಿದ್ವಾ ಅಪ್ಪಾ?"

"ಹಾಕಿದ್ವಿ ಪುಟ್ಟಿ" ಅಂದೆ.