ಬೆನ್ನು ಕಂಡ ಮೇಲೆ: ಗೆಳೆಯನಿಗೊಂದು ಪತ್ರ

ಧಾರವಾಡ

ಪ್ರಿಯ ಗೆಳೆಯಾ,

ನಿನ್ನ ಪತ್ರ ಬಂದು ಮೂರು ವಾರವಾಯಿತು. ಬೆಳಿಗ್ಗೆ ಮನೆಯಿಂದ ಹೊರಟಾಗಿನಿಂದ ರಾತ್ರಿ ಮರಳುವ ತನಕ ದೇವರು ಜೊತೆಗಿದ್ದಾನೆಂಬ ಅರಿವನ್ನು ಬಿಡದೆ ಹಿಡಿದುಕೊಳ್ಳಲು ಒಂದು ತಿಂಗಳು ಪ್ರಯತ್ನಿಸಿದೆನೆಂದೂ, ಕೊನೆಗೆ ಉಳಿದದ್ದು ದಣಿವೊಂದೇ ಎಂದೂ ಬರೆದಿದ್ದೀಯ. ಮಿಷನ್ ಕಂಪೌಂಡಿನಲ್ಲಿ ಒಂದೇ ಗೋಡೆಯ ಆಚೆ ಈಚೆ ಬೆಳೆದವರು ನಾವು. ಉಪದೇಶದ ಧಾಟಿಯಲ್ಲಿ ಉತ್ತರ ಬರೆದರೆ ನೀನು ಅದನ್ನು ಅರ್ಧಕ್ಕೇ ಮಡಿಸಿಡುತ್ತೀಯೆಂದು ನನಗೆ ಗೊತ್ತು. ಇಷ್ಟು ತಡವಾದದ್ದಕ್ಕೆ ಅದೇ ಕಾರಣ.

ದೇವರ ಸಾನ್ನಿಧ್ಯವನ್ನು ಆಯಾ ಗಳಿಗೆಯಲ್ಲೇ ಗುರುತಿಸಿದ ನೆನಪು ನನಗೂ ಹೆಚ್ಚಿಲ್ಲ. ಸತ್ಯವೇದವನ್ನು ಮತ್ತೊಮ್ಮೆ ತಿರುವಿದರೆ ಅಲ್ಲಿಯೂ ಹಲವರಿಗೆ ಹೀಗೆಯೇ ಆಗಿದೆ. ಕಲ್ಲನ್ನು ತಲೆದಿಂಬು ಮಾಡಿಕೊಂಡು ಮಲಗಿದ ಯಾಕೋಬನಿಗೆ ಆ ಜಾಗದಲ್ಲಿ ದೇವರಿದ್ದಾನೆಂದು ತಿಳಿದದ್ದು ನಿದ್ದೆಯಿಂದ ಎದ್ದ ಮೇಲೆ. ನಿನ್ನ ಮಹಿಮೆಯನ್ನು ತೋರಿಸೆಂದು ಬೇಡಿದ ಮೋಶೆಯನ್ನು ದೇವರು ಬಂಡೆಯ ಸಂದಿನಲ್ಲಿ ನಿಲ್ಲಿಸಿ, ಕೈಯಿಂದ ಮರೆಮಾಡಿ, ದಾಟಿಹೋದ ಮೇಲೆ ಬೆನ್ನನ್ನಷ್ಟೇ ಕಾಣಗೊಟ್ಟನು. ಎಮ್ಮಾಹುವಿನ ದಾರಿಯಲ್ಲಿ ಕ್ಲೆಯೋಪನೂ ಅವನ ಜೊತೆಗಾರನೂ ಸತ್ತು ಮತ್ತೆ ಜೀವಂತನಾಗಿ ಎದ್ದ ಯೇಸುವಿನ ಸಂಗಡವೇ ಮಾತಾಡುತ್ತಾ ನಡೆದರೂ ಆತನನ್ನು ಗುರುತಿಸಲಿಲ್ಲ. ಊಟಕ್ಕೆ ಕುಳಿತು ಆತನು ರೊಟ್ಟಿ ಮುರಿದಾಗ ಅವರ ಕಣ್ಣು ತೆರೆಯಿತು, ಆ ಕೂಡಲೇ ಆತನು ಕಾಣದೆ ಹೋದನು. ದಾರಿಯಲ್ಲಿ ತಮ್ಮ ಹೃದಯ ಕುದಿಯುತ್ತಿದ್ದುದನ್ನು ಅವರು ಒಬ್ಬರಿಗೊಬ್ಬರು ಹೇಳಿಕೊಂಡದ್ದು ಅದಾದ ಮೇಲೆಯೇ. ಹಾಗಿರುವಾಗ ದಿನವಿಡೀ ಎದುರಿನಿಂದ ಬರುವವನಿಗಾಗಿ ಕಾದ ನೀನು ದಣಿದದ್ದರಲ್ಲಿ ಏನು ತಪ್ಪು?

ಇನ್ನೊಂದು ಮಾತು. ಓಡಿ ಬಂದವನಿಗೆ ಬಸ್ಸು ಸಿಕ್ಕಿತು, ತುಂಬಿದ ರೈಲಿನಲ್ಲಿ ಸೀಟು ಸಿಕ್ಕಿತು ಎಂಬುದನ್ನೆಲ್ಲ ದೇವರ ಕೃಪೆಗೆ ಸಾಕ್ಷಿಯಾಗಿ ಹೇಳುವವರ ಮುಂದೆ ನಾನು ಸುಮ್ಮನಾಗುತ್ತೇನೆ. ಅವರ ಕೃತಜ್ಞತೆಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಅದೇ ಬಸ್ಸು ತಪ್ಪಿಸಿಕೊಂಡವನ ಪಕ್ಕದಲ್ಲಿ ದೇವರು ನಿಂತಿರಲಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ.

ಅಪ್ಪನಿಗೆ ಲಕ್ವಾ ಹೊಡೆದ ಸುದ್ದಿ ನಿನಗೆ ತಲುಪಿದೆ. ಬಲಗೈ ಬಲಗಾಲಿನ ಜೊತೆಗೆ ಮಾತೂ ಹೋಯಿತು. ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ಮನುಷ್ಯರಿಗೆ ಈಗ ನೀರು ಬೇಕಾದರೆ ನೀರು ಎಂಬ ಎರಡಕ್ಷರ ಸಿಗುವುದಿಲ್ಲ. ತುಟಿ ಹೊಂದಿಸುತ್ತಾರೆ, ಬೇರಾವುದೋ ಶಬ್ದ ಹೊರಬೀಳುತ್ತದೆ, ಅದು ತಪ್ಪೆಂದು ತಮಗೇ ಗೊತ್ತಾಗಿ ಮುಖ ಗೋಡೆಯ ಕಡೆ ತಿರುಗಿಸುತ್ತಾರೆ. ದಿನವೂ ಬೆಳಿಗ್ಗೆ ಅವರ ಗಡ್ಡ ಬೋಳಿಸುವ ಕೆಲಸ ನನ್ನದು. ಜೋತುಬಿದ್ದ ಬಲಗೆನ್ನೆಯನ್ನು ಹೆಬ್ಬೆರಳಿನಿಂದ ಎಳೆದು ಹಿಡಿಯದಿದ್ದರೆ ಬ್ಲೇಡು ತಾಗಿ ರಕ್ತ ಬರುತ್ತದೆ. ಮೊದಲ ತಿಂಗಳುಗಳಲ್ಲಿ ನಾನು ಈ ಕೆಲಸವನ್ನು ಗಡಿಯಾರ ನೋಡುತ್ತಲೇ ಮುಗಿಸುತ್ತಿದ್ದೆ ಎಂಬುದನ್ನು ನಿನ್ನಿಂದ ಮುಚ್ಚಿಡಲಾರೆ.

ಒಂದು ಸಂಜೆ ಎಂದಿನಂತೆ ನಾನೂ ಅವ್ವನೂ ಮಂಚದ ಪಕ್ಕದಲ್ಲಿ ಕುಳಿತು ಯೇಸು ಶಿಷ್ಯರಿಗೆ ಕಲಿಸಿದ ಕರ್ತನ ಪ್ರಾರ್ಥನೆ ಹೇಳುತ್ತಿದ್ದೆವು. ‘ನಮ್ಮ ಅನುದಿನದ ಆಹಾರವನ್ನು’ ಎಂಬಲ್ಲಿಗೆ ಬಂದಾಗ ಮೂರನೆಯ ದನಿಯೊಂದು ಸೇರಿಕೊಂಡಿತು. ಅಪ್ಪ ಹೇಳುತ್ತಿದ್ದರು; ತೊದಲದೆ, ಪದ ತಪ್ಪದೆ, ಆಮೆನ್ ತನಕ ಹೇಳಿದರು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಪ್ಪ ನನ್ನ ಕಡೆ ತಿರುಗಿ ಏನನ್ನೋ ಕೇಳಲು ಹೊರಟರು, ಆಗಲಿಲ್ಲ, ಮಾತು ಮತ್ತೆ ಮುಚ್ಚಿಹೋಗಿತ್ತು. ಆ ಗಳಿಗೆಯಲ್ಲಿ ನನಗೆ ಯಾವ ಸಾನ್ನಿಧ್ಯವೂ ತೋರಲಿಲ್ಲ. ಅವರು ಕೇಳಿದ್ದು ನೀರೋ ಗುಳಿಗೆಯೋ ಎಂಬ ಗಡಿಬಿಡಿಯಷ್ಟೇ ಇತ್ತು.

ಡಾಕ್ಟರಿಗೆ ಹೇಳಿದಾಗ ಅವರೇನೂ ಬೆರಗಾಗಲಿಲ್ಲ. ಮೆದುಳಿಗೆ ಪೆಟ್ಟಾಗಿ ಸ್ವಂತ ಮಾತು ಹೋದವರಲ್ಲಿಯೂ ಎಣಿಕೆ, ವಾರದ ಹೆಸರುಗಳು, ಹಾಡು, ಪ್ರಾರ್ಥನೆ ಹೀಗೆ ಬಾಯಿಪಾಠವಾದದ್ದು ಉಳಿಯುವುದುಂಟಂತೆ. ಸಭೆಯಲ್ಲಿ ಇದನ್ನು ಅದ್ಭುತವೆಂದು ಸಾಕ್ಷಿ ಹೇಳಲು ಕೆಲವರು ಒತ್ತಾಯಿಸಿದರು, ನಾನು ಎದ್ದು ನಿಲ್ಲಲಿಲ್ಲ. ಆದರೆ ಡಾಕ್ಟರು ಕೊಟ್ಟ ವಿವರಣೆಯಿಂದ ನನ್ನ ಕೈಯಿಂದ ಏನೂ ಜಾರಿಹೋಗಲಿಲ್ಲ. ಮರುದಿನ ಬೆಳಿಗ್ಗೆ ಬ್ರಷ್ಷಿನ ನೊರೆ ತೊಳೆಯುವಾಗ ನನಗೆ ಹೊಳೆದದ್ದಿಷ್ಟು: ಏಳೆಂಟು ವರ್ಷದ ಹುಡುಗನಿಗೆ ಅಜ್ಜಿ ಒಲೆಯ ಮುಂದೆ ಕೂರಿಸಿ ಕಲಿಸಿದ ಆ ಸಾಲುಗಳನ್ನು ಅಪ್ಪ ಅರವತ್ತು ವರ್ಷ, ಬಹಳ ದಿನ ಮನಸ್ಸಿಲ್ಲದೆ, ಎಷ್ಟೋ ದಿನ ತೂಕಡಿಸುತ್ತಾ, ಹೇಳಿಕೊಂಡು ಬಂದಿದ್ದರು. ಆ ಒಣ ಪ್ರಾರ್ಥನೆಗಳೇ ಕಾಯಿಲೆ ಮುಟ್ಟದ ಜಾಗವೊಂದರಲ್ಲಿ ಅಷ್ಟು ವರ್ಷ ಏನನ್ನೋ ಕಟ್ಟುತ್ತಾ ಹೋಗಿದ್ದವು, ಕಟ್ಟುತ್ತಿದ್ದವನ ಸಪ್ಪಳ ಮಾತ್ರ ನಮಗಾರಿಗೂ ಕೇಳಿರಲಿಲ್ಲ.

ನೀನು ಮೆಚ್ಚುವ ಸಹೋದರ ಲಾರೆನ್ಸನ ವಿಷಯಕ್ಕೆ ಬರುತ್ತೇನೆ. ಯುದ್ಧದಲ್ಲಿ ಗಾಯಗೊಂಡ ಸಿಪಾಯಿ, 1640ರಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠ ಸೇರಿ, ವರ್ಷಗಟ್ಟಲೆ ಅಡುಗೆಮನೆಯಲ್ಲಿ ದುಡಿದು, ಆಮೇಲೆ ಮಠದವರ ಚಪ್ಪಲಿ ಹೊಲಿಯುತ್ತಾ 1691ರಲ್ಲಿ ತೀರಿಕೊಂಡವನು. ಪಾತ್ರೆಗಳ ಗದ್ದಲದ ನಡುವೆಯೂ ಪ್ರಾರ್ಥನೆಯ ವೇಳೆಯಲ್ಲಿರುವಂತೆಯೇ ದೇವರ ಸಂಗಡ ಇರುತ್ತಿದ್ದನೆಂಬುದನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಅಡುಗೆ ಕೆಲಸವೆಂದರೆ ಅವನಿಗೆ ಸ್ವಭಾವತಃ ಆಗುತ್ತಿರಲಿಲ್ಲ ಎಂಬುದನ್ನೂ, ಆ ಅಭ್ಯಾಸ ನೆಲೆಗೊಳ್ಳುವ ಮುನ್ನ ಹಲವು ವರ್ಷ ಒಳಗೊಳಗೇ ಸಂಕಟಪಟ್ಟನೆಂಬುದನ್ನೂ ಹೇಳುವವರು ಕಡಿಮೆ. ನಿನ್ನದು ಬರೀ ಒಂದು ತಿಂಗಳು, ಮಾರಾಯ.

ನಾನು ಈಗ ಮಾಡುವುದು ಬೇರೆ. ಹದಿನಾರನೆಯ ಶತಮಾನದ ಲೊಯೋಲಾದ ಇಗ್ನೇಷಿಯಸ್, ಜೆಸ್ಯೂಟ್ ಸಂನ್ಯಾಸಿಗಳ ಸಭೆಯನ್ನು ಕಟ್ಟಿದವನು, ತನ್ನವರಿಗೆ ಕಲಿಸಿದ ಅಭ್ಯಾಸವೊಂದನ್ನು ರೋಮನ್ ಕಥೋಲಿಕ ಸಹೋದ್ಯೋಗಿಯೊಬ್ಬರಿಂದ ಕೇಳಿಕೊಂಡೆ. ಪ್ರಾಟೆಸ್ಟೆಂಟರಾದ ನಮ್ಮ ಕಂಪೌಂಡಿನ ಹಿರಿಯರು ಹುಬ್ಬೇರಿಸುತ್ತಿದ್ದರೇನೋ. ಮಲಗುವ ಮುಂಚೆ ಹತ್ತು ನಿಮಿಷ, ಮೊದಲು ಸ್ತೋತ್ರ ಸಲ್ಲಿಸಿ, ಬೆಳಗಿನಿಂದ ಆದದ್ದನ್ನು ತಾಸು ತಾಸಾಗಿ ದೇವರ ಮುಂದೆ ಹರಡಿಕೊಂಡು, ಎಲ್ಲಿ ಆತನ ಜೊತೆ ನಡೆದೆ, ಎಲ್ಲಿ ಮುಖ ತಿರುಗಿಸಿದೆ ಎಂದು ನೋಡುವುದು. ಹಿತವಾದದ್ದೇ ಸಿಗುತ್ತದೆಂದು ತಿಳಿಯಬೇಡ. ಮೊನ್ನೆ ಹಾಗೆ ನೋಡುವಾಗ, ನಾನು ಕೂರುವ ಕೌಂಟರಿನಲ್ಲಿ ಪಿಂಚಣಿಯ ಪಾಸ್‌ಬುಕ್ ಹಿಡಿದು ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದ ಮುದುಕರೊಬ್ಬರನ್ನು ನಾನು ಗದರಿಸಿದ್ದು ಕಣ್ಣಮುಂದೆ ಬಂತು. ಅವರೂ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದರು. ಹಗಲು ಅದನ್ನು ನಾನು ನೋಡಿಯೇ ಇರಲಿಲ್ಲ. ಮುಂದಿನ ತಿಂಗಳು ಪಿಂಚಣಿಗೆ ಅವರು ಬರುವ ದಿನವನ್ನು ಕಾಯುತ್ತಿದ್ದೇನೆ.

ಕ್ರಿಸ್‌ಮಸ್ಸಿಗೆ ಊರಿಗೆ ಬಂದಾಗ ಒಂದು ಸಂಜೆ ನಮ್ಮ ಮನೆಗೆ ಬಾ. ಅವ್ವ ರೊಟ್ಟಿ ಬಡಿಯುತ್ತಾಳೆ. ಅಪ್ಪನ ಪಕ್ಕದಲ್ಲಿ ಕುಳಿತು ಕರ್ತನ ಪ್ರಾರ್ಥನೆ ಹೇಳುವಾಗ ಮಾತ್ರ ಅವಸರ ಮಾಡಬೇಡ. ಯಾರಾದರೂ ಮುಂದೆ ಓಡಿದರೆ ಅಪ್ಪ ಎಡಗೈ ಎತ್ತಿ ನಿಲ್ಲಿಸಿ ಮತ್ತೆ ಮೊದಲಿನಿಂದ ಹೇಳಿಸುತ್ತಾರೆ.

ಕ್ರಿಸ್ತನಲ್ಲಿ ನಿನ್ನ ಗೆಳೆಯ