ನಾಟಕದ ವರದಿಯಲ್ಲಿ ಸಂಗೀತ ಮಾಡಿದವರ ಹೆಸರೂ ಇರಲಿ

ಸಂಪಾದಕರೇ, ನಮಸ್ಕಾರ.

ಹೋದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಶಿವಮೊಗ್ಗದಲ್ಲಿ ನಡೆದ ಒಂದು ನಾಟಕದ ವರದಿ ಓದಿದೆ. ಬರೆದವರು, ನಿರ್ದೇಶಕರು, ದೀಪ ಹಚ್ಚಿದವರು, ಮುಂದಿನ ಸಾಲಿನಲ್ಲಿ ಕೂತ ಗಣ್ಯರು, ಎಲ್ಲರ ಹೆಸರೂ ಇತ್ತು. ಸಂಗೀತಕ್ಕೆ ಮಾತ್ರ ‘ಹಾಡುಗಳು ಮನಸೂರೆಗೊಂಡವು’ ಅಂತ ಒಂದೇ ಸಾಲು. ಆ ಹಾಡಿಗೆ ರಾಗ ಹಾಕಿದವರು ಯಾರು ಅಂತ ಇಲ್ಲ. ಅದು ನನ್ನ ಸಂಗೀತ ಅಲ್ಲ, ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ. ಆದರೆ ನಾನೂ ಅದೇ ಕೆಲಸದವನು. ಸಾಗರದ ಕಡೆ ಹವ್ಯಾಸಿ ತಂಡಗಳಿಗೆ ಸಂಗೀತ ಮಾಡುತ್ತೇನೆ.

ಈ ಕೆಲಸ ಹೇಗಿರುತ್ತದೆ ಅಂತ ಸ್ವಲ್ಪ ಹೇಳಬೇಕು. ಜಾಸ್ತಿ ಜನ ಅಂದುಕೊಂಡಿರುವುದು, ಪದ್ಯ ಕೈಗೆ ಬರುತ್ತದೆ, ಒಂದು ರಾಗ ಹಾಕಿ ಕೊಟ್ಟರೆ ಆಯಿತು ಅಂತ. ಹಾಗಲ್ಲ. ಹಾಡಬೇಕಾದವರು ಗಾಯಕರಲ್ಲ, ನಟರು. ಬ್ಯಾಂಕಿನವರು, ಮೇಷ್ಟ್ರು, ತೋಟದವರು, ಕಾಲೇಜು ಹುಡುಗಿಯರು. ಶ್ರುತಿಯನ್ನು ನಾವು ಹಾರ್ಮೋನಿಯಂನ ಮನೆಗಳ, ಅಂದರೆ ಒತ್ತುವ ಕೀಗಳ, ಲೆಕ್ಕದಲ್ಲಿ ಹೇಳುತ್ತೇವೆ: ಗಂಡಸರಿಗೆ ಕಪ್ಪು ಒಂದು ಹಾಯಾಗಿರುತ್ತದೆ, ಹೆಂಗಸರಿಗೆ ಬಿಳಿ ಐದು ಬೇಕು, ನಿರ್ದೇಶಕರಿಗೆ ಇಬ್ಬರೂ ಒಟ್ಟಿಗೆ ಹಾಡಬೇಕು. ನಾಯಕನ ಪಾತ್ರ ಮಾಡುವವರಿಗೆ ಶ್ರುತಿಯೇ ನಿಲ್ಲುವುದಿಲ್ಲ ಅಂತ ಗೊತ್ತಾಗುವುದು ಎರಡನೇ ವಾರದಲ್ಲಿ. ಆಗ ಅವರನ್ನು ಬದಲಿಸೋಕೆ ಆಗಲ್ಲ, ಮಟ್ಟನ್ನೇ, ಅಂದರೆ ಹಾಡಿನ ಧಾಟಿಯನ್ನೇ, ಬದಲಿಸಬೇಕು. ನಾಲ್ಕೈದು ಸ್ವರದೊಳಗೆ ಓಡಾಡುವ ಹಾಗೆ ಮಾಡಿ, ಮೇಲಿನ ಸ್ವರದ ಸಾಲನ್ನು ಮೇಳಕ್ಕೆ, ಅಂದರೆ ಒಟ್ಟಾಗಿ ಹಾಡುವ ಗುಂಪಿಗೆ, ಕೊಡಬೇಕು. ಕೇಳುವವರಿಗೆ ಅದು ಮೊದಲಿಂದಲೂ ಹಾಗೇ ಇತ್ತು ಅನ್ನಿಸಬೇಕು. ಇಷ್ಟೆಲ್ಲ ಆದ ಮೇಲೆ ನಿರ್ದೇಶಕರು, ಮಂಚ ಆಚೆ ಸಾಗಿಸೋಕೆ ಟೈಮ್ ಸಾಲ್ತಿಲ್ಲ, ಪಲ್ಲವಿ ಇನ್ನೊಂದು ಸಲ ಹಾಡಿಸಿ ಅಂತಾರೆ. ಹಾಡಿಸುತ್ತೇವೆ!

ಅದರ ಮೇಲೆ ನಮ್ಮ ಮಲೆನಾಡು. ಮಳೆಗಾಲದಲ್ಲಿ ಥಂಡಿಗೆ ತಬಲಾದ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ, ಹಾರ್ಮೋನಿಯಂ ಮರ ಊದಿಕೊಂಡು ಒತ್ತಿದ ಮನೆ ಮೇಲೇಳುವುದಿಲ್ಲ. ಮಳೆ ನಿಂತಿತಲ್ಲ ಅಂದರೆ ಅಡಿಕೆ ಕೊಯ್ಲು, ಸುಲಿಯುವುದು ಶುರು. ತಾಲೀಮಿಗೆ ಅರ್ಧ ಮೇಳವೇ ಬರುವುದಿಲ್ಲ. ಬಂದವರಿಗೆ ಕಲಿಸಿ, ಬಾರದವರಿಗೆ ಫೋನಿನಲ್ಲಿ ಹಾಡಿ ಕಳಿಸುತ್ತೇವೆ.

ಈಗ ಕೆಲವು ತಂಡಗಳು ಇದರಿಂದ ತಪ್ಪಿಸಿಕೊಳ್ಳಲು ಟ್ರ್ಯಾಕ್ ದಾರಿ ಹಿಡಿದಿವೆ. ಒಂದು ದಿನ ಸ್ಟುಡಿಯೋದಲ್ಲಿ ಕೂತು ರೆಕಾರ್ಡ್ ಮಾಡಿಸಿ, ಪೆನ್‌ಡ್ರೈವ್ ತೆಗೆದುಕೊಂಡು ಹೋಗುತ್ತಾರೆ. ಖರ್ಚು ಕಡಿಮೆ, ನಿಜ. ವಾದ್ಯದವರಿಗೆ ಪ್ರತಿ ಪ್ರದರ್ಶನಕ್ಕೂ ದುಡ್ಡು, ಬಸ್ ಚಾರ್ಜು, ಊಟ ಕೊಡುವುದು ಸಣ್ಣ ತಂಡಕ್ಕೆ ಕಷ್ಟ, ಅವರನ್ನು ಬೈಯಲಾರೆ. ಆದರೆ ನಟನೊಬ್ಬ ಮಾತು ಮರೆತರೆ ಹಾರ್ಮೋನಿಯಂನವರು ಒಂದು ಸ್ವರ ಹಿಡಿದುಕೊಂಡು ಕಾಯುತ್ತಾರೆ, ಟ್ರ್ಯಾಕ್ ಕಾಯುವುದಿಲ್ಲ. ನಗು ಜೋರಾಗಿ ಬಂದ ದಿನ ಹಾಡು ಎರಡು ಕ್ಷಣ ತಡವಾಗಿ ಎತ್ತಬೇಕು. ಅದು ಪೆನ್‌ಡ್ರೈವ್‌ಗೆ ಹೇಗೆ ಗೊತ್ತಾಗಬೇಕು?

ನಮ್ಮ ಜಿಲ್ಲೆಗೆ ಇದೆಲ್ಲ ಹೊಸ ವಿಷಯವಲ್ಲ. 1949ರಲ್ಲಿ ಶುರುವಾದ ನೀನಾಸಂ ರಂಗಸಂಸ್ಥೆ ಇರುವುದು ಇಲ್ಲೇ ಹೆಗ್ಗೋಡಿನಲ್ಲಿ. 1985ರಿಂದ ಅವರ ‘ತಿರುಗಾಟ’ ತಂಡ ಊರೂರಿಗೆ ನಾಟಕ ತೆಗೆದುಕೊಂಡು ಹೋಗಿದೆ, ಹಾಡುಗಳೂ ಜೊತೆಗೇ ಹೋಗಿವೆ. ನಾಟಕ ನೋಡದವರೂ ಆ ಮಟ್ಟು ಗುನುಗುತ್ತಾರೆ. ರಂಗಸಂಗೀತ ಅಂದ ತಕ್ಷಣ ಎಲ್ಲರೂ ಬಿ.ವಿ. ಕಾರಂತರ ಹೆಸರು ಹೇಳುತ್ತಾರೆ, ಹೇಳಲೇಬೇಕು. ಆದರೆ ಕಾರಂತರು ನಿರ್ದೇಶಕರೂ ಆಗಿದ್ದರು. ಬರೀ ಸಂಗೀತ ಮಾಡುವವರ ಪಾಡು ಬೇರೆ. ಅವರ ಮಟ್ಟುಗಳು ಶಾಲಾ ವಾರ್ಷಿಕೋತ್ಸವದಲ್ಲಿ, ಗಣಪತಿ ಪೆಂಡಾಲಿನಲ್ಲಿ, ಶಿಬಿರಗಳಲ್ಲಿ ಕೇಳಿಸುತ್ತವೆ, ಹಾಡಿಸಿದವರನ್ನು ಕೇಳಿದರೆ ‘ರಂಗಗೀತೆ ಸಾರ್’ ಅಂತಾರೆ, ಕವಿಯ ಹೆಸರು ಬೇಕಾದರೆ ಹೇಳಿಯಾರು.

ದುಡ್ಡಿನ ಜಗಳ ತೆಗೆಯುತ್ತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪದ್ಯ ಬರೆದವರಿಗೆ ಇರುವಂತೆ ಮಟ್ಟು ಕಟ್ಟಿದವರಿಗೂ ಬೇರೆಯಾಗಿ ಹಕ್ಕಿದೆ, ತೀರಿಕೊಂಡ ಮೇಲೆ 60 ವರ್ಷ ಅದು ಉಳಿಯುತ್ತದೆ. ಟಿಕೆಟ್ ಇಲ್ಲದೆ ಹವ್ಯಾಸಿಗಳು ಆಡಿದರೆ ಕಾಯ್ದೆಯೇ ವಿನಾಯಿತಿ ಕೊಡುತ್ತದೆ. ಕೊಡಲಿ, ಊರಿನ ಮಕ್ಕಳು ಹಾಡಲಿ, ನಮಗೆ ಖುಷಿಯೇ. ಆದರೆ ಇದು ನಾನು ಮಾಡಿದ್ದು ಅಂತ ಹೇಳಿಕೊಳ್ಳುವ ಹಕ್ಕು ಕೂಡ ಅದೇ ಕಾಯ್ದೆಯ 57ನೇ ಕಲಂನಲ್ಲಿದೆ. ಹೆಸರು ಹಾಕೋಕೆ ಯಾರಿಗೂ ಪೈಸೆ ಖರ್ಚಿಲ್ಲ ಅಲ್ವಾ? ನಮ್ಮಂಥವರಿಗೆ ಮುಂದಿನ ನಾಟಕ ಸಿಗುವುದೂ ಆ ಹೆಸರಿನಿಂದಲೇ. ಇನ್ನೊಂದು ತಂಡದವರು ಪತ್ರಿಕೆಯಲ್ಲಿ ನೋಡಿ ಫೋನ್ ಮಾಡುತ್ತಾರೆ.

ಹಾಗಾಗಿ ಕೇಳುವುದು ಇಷ್ಟೇ: ನಾಟಕದ ವರದಿಯಲ್ಲಿ ‘ಸಂಗೀತ’ ಅಂತ ಒಂದು ಹೆಸರು ಸೇರಿಸಿ. ಜಾಗ ಇದ್ದರೆ ಬೆಳಕು, ಪ್ರಸಾಧನದವರದ್ದೂ ಹಾಕಿ, ಅವರ ಕಥೆಯೂ ನಮ್ಮದೇ. ಜಾಗ ಇಲ್ಲದಿದ್ದರೆ ಗಣ್ಯರಲ್ಲಿ ಒಬ್ಬರನ್ನು ಬಿಡಿ. ವರದಿಗಾರರು ಹುಡುಕಿಕೊಂಡು ಹೋಗಬೇಕಾಗಿಲ್ಲ, ಕರಪತ್ರದ ಕೆಳಗಡೆ ಸಣ್ಣಕ್ಷರದಲ್ಲಿ ಇರುತ್ತದೆ. ಅಲ್ಲೂ ಇಲ್ಲದಿದ್ದರೆ, ನಾಟಕ ಮುಗಿದ ಮೇಲೆ ವೇದಿಕೆಯ ಪಕ್ಕದಲ್ಲಿ ಹಾರ್ಮೋನಿಯಂ ಪೆಟ್ಟಿಗೆಗೆ ತುಂಬುತ್ತಿರುವವರನ್ನು ಕೇಳಿದರೆ ಹೇಳುತ್ತಾರೆ.

ಇಂತಿ,
ಒಬ್ಬ ರಂಗಸಂಗೀತಗಾರ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ