ಪಿಸ್ತೂಲಿನ ಆಟ ಆಟಿಕೆಯಲ್ಲೇ ಇರಲಿ
ಸಂಪಾದಕರೇ,

ಮಾರಿಕಾಂಬಾ ಜಾತ್ರೆಯಲ್ಲಿ ಕೊಂಡ ಆಟಿಕೆ ಪಿಸ್ತೂಲನ್ನು ನನ್ನ ಮೊಮ್ಮಗ ಕೌಬಾಯ್ ಹಾಗೆ ಗಿರಗಿರ ತಿರುಗಿಸುತ್ತಾನೆ. ತೋರುಬೆರಳು ಟ್ರಿಗರ್ ಸುತ್ತಲಿನ ಬಳೆಯೊಳಗೆ, ಕೆಲಸವೆಲ್ಲ ಮಣಿಕಟ್ಟಿನದು. ನೋಡೋಕೆ ಬಹಳ ಚಂದ. ಆದರೆ ಇದು ಮೆರೆದದ್ದು ಪ್ರದರ್ಶನಗಳಲ್ಲಿ, ಸಿನಿಮಾಗಳಲ್ಲಿ. ಕೌಬಾಯ್ ಕಾಲದ ನಿಜವಾದ ಪಿಸ್ತೂಲು, 1873ರ ಕೋಲ್ಟ್ ರಿವಾಲ್ವರ್, ಸುಮಾರು ಒಂದು ಕಿಲೋ ಭಾರ. ಆರು ಗುಂಡು ಹಿಡಿಸಿದರೂ ಬಲ್ಲವರು ಐದೇ ತುಂಬಿ, ಗುಂಡಿಗೆ ಬಡಿಯುವ ಸುತ್ತಿಗೆಯ ಎದುರಿನ ಮನೆಯನ್ನು ಖಾಲಿ ಬಿಡುತ್ತಿದ್ದರು. ಕೈಜಾರಿ ಬಿದ್ದರೆ ಗುಂಡು ಹಾರೀತು ಅನ್ನೋ ಭಯ. ಅಂಥವರು ತುಂಬಿದ ಪಿಸ್ತೂಲನ್ನು ಸುಮ್ನೆ ತಿರುಗಿಸ್ತಾರಾ?

ನಮ್ಮ ಕಡೆ ತೋಟದ ಮನೆಗಳಲ್ಲಿ ಮಂಗ, ಹಂದಿ ಓಡಿಸಲು ಲೈಸೆನ್ಸ್ ಕೋವಿ ಇರುತ್ತದಲ್ವಾ? ಅದನ್ನು ಹಿಡಿದು ರೀಲ್ಸ್ ಮಾಡುವ ಹುಡುಗರನ್ನು ಕಂಡರೆ ಎದೆ ಝಲ್ ಎನ್ನುತ್ತದೆ. ಮನೆಯವರು ದಯವಿಟ್ಟು ಕೋವಿಗೆ ಬೀಗ ಹಾಕಿ, ತೋಟಾ ಬೇರೆ ಕಡೆ ಇಡಿ.

– ಒಬ್ಬ ಅಡಿಕೆ ಬೆಳೆಗಾರ, ಶಿರಸಿ